ಶ್ರಮದಿನಗಳ ಕಲ್ಲು

ಮಾರ್ಚ್ ೫, ಬುಧವಾರ

ಇಂದಿನಿಂದ ಶ್ರಮದಿನಗಳು. ಇನ್ನು ಈಸ್ಟರ್ ತನಕ ಮನೆಯಲ್ಲಿ ಮಾಂಸವಿಲ್ಲ, ಮದುವೆಯ ಮಾತಿಲ್ಲ, ಕೈಕಟ್ಟಿ ಕೂಡುವುದಂತೂ ಇಲ್ಲವೇ ಇಲ್ಲ. ಬೀದರಿನ ಮಿಷನ್ ಕಂಪೌಂಡಿನಲ್ಲಿ ನಮ್ಮಪ್ಪ ಹೇಳುತ್ತಿದ್ದರು: ಹೆಸರೇ ಶ್ರಮದ ದಿನ, ಈ ದಿನಗಳಲ್ಲಿ ಬೆವರು ಸುರಿಸದವನಿಗೆ ಹಬ್ಬದ ಊಟ ಮೈಗೆ ಹತ್ತುವುದಿಲ್ಲ. ಆ ಮಾತನ್ನು ನಾನು ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಬೆಳಿಗ್ಗೆ ಮೂರು ಕೌದಿ ನೆನೆಹಾಕಿ ಒಗೆದೆ.

ಸೊಸೆ ರಶ್ಮಿ ರಾತ್ರಿ ಪಾಳಿ ಮುಗಿಸಿ ಬಂದು ಚಪ್ಪಲಿಯನ್ನೂ ತೆಗೆಯದೆ ಮಂಚದ ಅಂಚಿಗೆ ಕೂತಳು. ಔಷಧದ ಕಂಪನಿಯಲ್ಲಿ ಡಬ್ಬಿಗೆ ಮಾತ್ರೆ ತುಂಬುವ ಕೆಲಸ. ಕೂತು ಮಾಡುವ ಕೆಲಸ. ಕೂತು ಬಂದವಳು ಮತ್ತೆ ಕೂಡುವುದು ಏಕೆ?

"ಕೌದಿ ಹಿಂಡಾಕ ಬಾ" ಎಂದೆ.

"ಐದು ನಿಮಿಷ ಅತ್ತಿ."

"ನಿನ್ನ ಗಂಡನೂ ಹಿಂಗೇ ಅಂತಿದ್ದ."

ಎದ್ದು ಬಂದಳು. ಹಿಂಡಿದಳು.

ಮಗ ವಿಜಯನ ಸಮಾಧಿ ಇನ್ನೂ ಬರೀ ಮಣ್ಣಿನ ದಿಬ್ಬ. ಹೋದ ಆಗಸ್ಟಿನಲ್ಲಿ ಮಣ್ಣು ಕೊಟ್ಟೆವು. ಅದೇ ವಾರದ ಮಳೆಗೆ ಕುಸಿದು ಅರ್ಧವಾಯಿತು. ಈಸ್ಟರ್ ದಿನ ನಸುಕಿನಲ್ಲಿ ಹೈದರಾಬಾದಿನ ನಮ್ಮ ಕನ್ನಡ ಸಭೆಯೆಲ್ಲ ಸ್ಮಶಾನದಲ್ಲಿ ನಿಂತು ಆರಾಧನೆ ಮಾಡುತ್ತದೆ. ಎಲ್ಲರ ಸಮಾಧಿಗೂ ಕಲ್ಲು, ಸುಣ್ಣ, ಹೂವು. ನನ್ನ ಮಗನದೊಂದು ಮಾತ್ರ ಮಣ್ಣಾಗಿದ್ದರೆ ಜನ ದಿಬ್ಬವನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ಈಸ್ಟರಿಗೆ ಮುಂಚೆ ಕಲ್ಲು ನಿಲ್ಲಲೇಬೇಕು. ರಶ್ಮಿಗೆ ಹೇಳಿದರೆ "ಆತ್ರಿ" ಎನ್ನುತ್ತಾಳೆ. ಆರು ತಿಂಗಳಿಂದ ಎನ್ನುತ್ತಿದ್ದಾಳೆ.

ಮಾರ್ಚ್ ೯, ಭಾನುವಾರ

ಹೊಸ ಸಭಾಪಾಲಕರು ಗದಗಿನ ಕಡೆಯ ಹುಡುಗ. ಇವತ್ತಿನ ಪ್ರಸಂಗದಲ್ಲಿ, ಶ್ರಮದಿನಗಳ ಶ್ರಮ ಎಂದರೆ ದುಡಿಮೆಯಲ್ಲ, ನೋವು ಎಂದರು. ಕರ್ತನು ಪಟ್ಟ ಪಾಡು ಎಂದರು. ಹೌದು, ನೋವು. ಆದರೆ ದುಡಿಯದವನಿಗೆ ನೋವೆಲ್ಲಿಂದ ಬರಬೇಕು? ಮೊನ್ನೆ ಮೊನ್ನೆ ಓದು ಮುಗಿಸಿ ಬಂದವರು. ಪುಸ್ತಕದ ಬಿಸಿ ಇನ್ನೂ ಆರಿಲ್ಲ.

ಆರಾಧನೆ ಮುಗಿದ ಮೇಲೆ ಸ್ತ್ರೀ ಸಂಘದ ಕೂಟ. ಶೋಭಾ ಎಲ್ಲರ ಎದುರಿಗೆ ಕೇಳಿದಳು, "ಪ್ರೇಮಲಾಬಾಯಾರ, ನಾಳೆಪ್ಪನ ಕಲ್ಲು ಎಲ್ಲಿಗೆ ಬಂತ್ರಿ? ಅದೂ ನಾಳೀನೇ ಏನು?"

ನಕ್ಕರು. ನಾನೂ ನಕ್ಕೆ.

ವಿಜಯನಿಗೆ ಆ ಹೆಸರು ನಾನೇ ಇಟ್ಟದ್ದು. ನಲ್ಲಿಯ ವಾಷರ್ ಹಾಕು ಎಂದರೆ ನಾಳೆ. ಗ್ಯಾಸಿನ ಆಫೀಸಿಗೆ ಹೋಗು ಎಂದರೆ ನಾಳೆ. ಒಮ್ಮೆ ಇದೇ ಕೂಟದಲ್ಲಿ "ನಮ್ಮ ನಾಳೆಪ್ಪನ ಸಲುವಾಗಿ ಪ್ರಾರ್ಥನಾ ಮಾಡ್ರಿ" ಎಂದು ಬೇಡಿಕೊಂಡಿದ್ದೆ. ಅವತ್ತಿನಿಂದ ಗಾಯನ ತಂಡದ ಹುಡುಗರಿಂದ ಹಿಡಿದು ಗಂಟೆ ಬಾರಿಸುವವನ ತನಕ ಎಲ್ಲರ ಬಾಯಲ್ಲೂ ಅವನು ನಾಳೆಪ್ಪ. ಅವನೂ ಓಗೊಡುತ್ತಿದ್ದ.

ಸತ್ತವನನ್ನು ಹಾಗೆ ಕರೆಯಬಾರದೆಂದು ಶೋಭಾಗೆ ತಿಳಿಯಬೇಕು. ಓದಿದವಳು.

ಮಾರ್ಚ್ ೧೨, ಬುಧವಾರ

ಕಲ್ಲಿನ ಮೇಲೆ ಏನು ಕೆತ್ತಿಸಬೇಕೆಂದು ರಶ್ಮಿ ಬಾಯಿಬಿಟ್ಟಳು. ಹೆಸರಿನ ಕೆಳಗೆ ಎರಡೇ ಮಾತು ಸಾಕಂತೆ: ಶ್ರಮಿಸಿದನು. ವಿಶ್ರಮಿಸಿದನು.

ಕೇಳಲು ಚೆನ್ನಾಗಿದೆ. ಆದರೆ ಕಲ್ಲು ಹಾಡಲ್ಲ.

"ಎರಡನೇದು ಹಾಕ್ಸು" ಎಂದೆ. "ಅದು ಅವ ಹುಟ್ಟಿದಾಗಿಂದ ಖರೇ ಐತಿ. ಮೊದಲಿಂದು ಸುಳ್ಳು. ದೇವರ ಎದುರಿಗೆ ನಿಲ್ಲೋ ಕಲ್ಲಿನ ಮ್ಯಾಲೆ ಸುಳ್ಳು ಬರಸಾಕ ನಾ ಒಪ್ಪಂಗಿಲ್ಲ."

"ಅವರು ಮೈಗಳ್ಳರು ಇದ್ದಿಲ್ಲ ಅತ್ತಿ. ದಣಿದಿದ್ರು. ಡಾಕ್ಟರ್ ಹೇಳಿದ್ದು ನೀವೂ ಕೇಳೀರಿ."

ಡಾಕ್ಟರ್ ಹೇಳಿದ್ದು ಕೇಳಿದ್ದೇನೆ. ಎದೆಯ ಕವಾಟ ಸಣ್ಣದಾಗಿತ್ತು, ಎರಡು ಮೂರು ವರ್ಷದಿಂದ ಇರಬೇಕು ಎಂದ. ಜೀವ ಹೋದ ಮೇಲೆ ಎಲ್ಲ ಡಾಕ್ಟರಿಗೂ ಎಲ್ಲವೂ ಗೊತ್ತಾಗುತ್ತದೆ. ಇವನು ದಿನಾ ಸಂಜೆ ಕಾರ್ಖಾನೆಯಿಂದ ಬಂದು ಎರಡನೆಯ ಅಂತಸ್ತಿನಲ್ಲಿ ಕರೆಂಟಿನ ಮೀಟರುಗಳ ಹತ್ತಿರ ನಿಂತುಬಿಡುತ್ತಿದ್ದ. ನಾನು ಮೇಲಿನಿಂದ ಬಗ್ಗಿ "ಮೀಟರ್ ಓದಾಕ ಬಂದೀಯೇನೋ ನಾಳೆಪ್ಪಾ" ಎಂದು ಕೂಗಿದರೆ ನಗುತ್ತ ಹತ್ತಿ ಬರುತ್ತಿದ್ದ. ನಗುವವನಿಗೆ ರೋಗವಿದೆಯೆಂದು ಯಾರು ತಿಳಿಯಬೇಕು? ಅವರಪ್ಪ ಬಾಲಾನಗರದ ಸರ್ಕಾರಿ ಕಾರ್ಖಾನೆಗೆ ಜ್ವರದಲ್ಲೂ ನಡೆದು ಹೋದವರು. ಅವರೆಂದೂ ಮೀಟರಿನ ಹತ್ತಿರ ನಿಲ್ಲಲಿಲ್ಲ.

"ಆಸ್ಪತ್ರಿಗೆ ಹೋಗಬ್ಯಾಡ ಅಂತ ಯಾರು ಅಂದಿದ್ರು? ಅದನ್ನೂ ನಾಳೆ ಅಂದ" ಎಂದೆ.

ರಶ್ಮಿ ತಲೆ ಎತ್ತದೆ ಹೇಳಿದಳು: "ರಜಾ ಹಾಕಿದ್ರ ಅವ್ವ ಬೈತಾಳ ಅಂದ್ರು."

ನಾನು ಎದ್ದು ಒಳಗೆ ಹೋದೆ. ಒಲೆಯ ಮೇಲೆ ಬೇಳೆ ಇತ್ತು.

ಹೆಸರು, ಹುಟ್ಟಿದ ದಿನ, ತೀರಿದ ದಿನ, ಕೆಳಗೆ "ವಿಶ್ರಮಿಸಿದನು". ಅಷ್ಟೇ. ಇಷ್ಟು ದಿನ ಸೊಸೆಯ ಕೈಗೆ ಬಿಟ್ಟದ್ದೇ ತಪ್ಪು. ಇನ್ನು ನಾನೇ ಹೋಗುತ್ತೇನೆ.

ಮಾರ್ಚ್ ೧೫, ಶನಿವಾರ

ಸ್ಮಶಾನದ ಗೋಡೆಗೆ ಹತ್ತಿಕೊಂಡೇ ತಗಡಿನ ಶೆಡ್ಡು. ಕಲ್ಲು ಕೆತ್ತುವವನ ಹೆಸರು ಅಂಬಾದಾಸ. ತೆಲುಗಿನವನು, ನನ್ನ ಜೊತೆ ಹೈದರಾಬಾದಿ ಹಿಂದಿ ಆಡುತ್ತಾನೆ, ಎರಡರ ನಡುವೆ ಎಲ್ಲಿ ಬೇಕಾದರೂ ಹಾರುತ್ತಾನೆ. ನಿನ್ನೆಯ ಹೋಳಿಯ ಬಣ್ಣ ಕಿವಿಯಲ್ಲಿ ಹಾಗೇ ಇತ್ತು.

ಕನ್ನಡ ಅಕ್ಷರ ಬರುತ್ತದೆಯೇ ಎಂದು ಕೇಳಿದೆ.

"ಕನ್ನಡ ತೆಲುಗು ಒಂದೇ ತಾಯಿಯ ಮಕ್ಕಳು ಅಮ್ಮಾ. ತಲಕಟ್ಟು ಮಾತ್ರ ಬೇರೆ. ಇವನು ಟೋಪಿ ಹಾಕುತ್ತಾನೆ, ಅವನು ರುಮಾಲು" ಎಂದ.

ಶೆಡ್ಡಿನಲ್ಲೇ ಕೂತು ಕಾಗದದ ಮೇಲೆ ಬರೆದುಕೊಟ್ಟೆ. ಅವನ ಪೆನ್ನು ಅವನಂತೆಯೇ. ಕೊನೆಯ ಸಾಲಿನಲ್ಲಿ "ವಿ" ಬರೆಯುವಷ್ಟರಲ್ಲಿ ನಿಂತುಬಿಟ್ಟಿತು. ಜಾಡಿಸಿ, ಸ್ವಲ್ಪ ಸರಿದು, ಉಳಿದದ್ದನ್ನು ಬರೆದೆ. ಅಕ್ಷರ ದುಂಡಗೇ ಬಂದಿವೆ. ಹೈಸ್ಕೂಲಿನಲ್ಲಿ ನನ್ನ ಕೈಬರಹವನ್ನು ಬೋರ್ಡಿಗೆ ಅಂಟಿಸುತ್ತಿದ್ದರು.

"ಯಾವಾಗ ಆಗುತ್ತದೆ?"

"ಪರ್ಸೋಂ. ಪಕ್ಕಾ."

ಈ ಊರಿಗೆ ಮದುವೆಯಾಗಿ ಬಂದಾಗ ಈ ಮಾತು ನನಗೆ ಅರ್ಥವಾಗಿರಲಿಲ್ಲ. ಹಿಂದಿಯಲ್ಲಿ ಪರ್ಸೋಂ ಎಂದರೆ ನಾಡಿದ್ದು, ಇಲ್ಲವೇ ಮೊನ್ನೆ. ಹೈದರಾಬಾದಿನಲ್ಲಿ ಅದು ಹತ್ತು ವರ್ಷದ ಹಿಂದೆಯೂ ಆಗಬಹುದು, ಮುಂದೆ ಎಂದೋ ಒಂದು ದಿನವೂ ಆಗಬಹುದು. ಇಡೀ ಊರಿಗೆ ಊರೇ ನಾಳೆಪ್ಪ.

ಮಾರ್ಚ್ ೧೯, ಬುಧವಾರ

ಹೋಗಿದ್ದೆ. ಕಲ್ಲನ್ನೇ ತರಿಸಿಲ್ಲ. ಪರ್ಸೋಂ.

ಮಾರ್ಚ್ ೨೬, ಬುಧವಾರ

ಕಲ್ಲು ಬಂದಿದೆ, ಕೆಲಸ ಶುರುವಾಗಿಲ್ಲ. ಇವನ ಎದುರಿಗೆ ಕೂಡದೆ ಇವನ ಕೈ ಆಡುವುದಿಲ್ಲವೆಂದು ಅಲ್ಲೇ ಒಂದು ಮುರುಕು ಚಪ್ಪಡಿಯ ಮೇಲೆ ಕೂತೆ. ಅಂಚು ತೀಡಲು ಶುರುಮಾಡಿದ. ನಾನು ಸೀಮೆಸುಣ್ಣದಿಂದ ಚಪ್ಪಡಿಯ ಮೇಲೆ ಕನ್ನಡದ ತಲಕಟ್ಟು ಹೇಗಿರಬೇಕೆಂದು ಬರೆದು ತೋರಿಸಿದೆ. ಆಮೇಲೆ ನನಗೆ ಕೆಲಸವಿರಲಿಲ್ಲ. ಹೆಣಿಗೆಯ ಚೀಲವನ್ನೂ ಒಯ್ದಿರಲಿಲ್ಲ. ಮಧ್ಯಾಹ್ನದ ತನಕ ಸುಮ್ಮನೆ ಕೂತಿದ್ದೆ. ಎಷ್ಟು ವರ್ಷವಾಗಿತ್ತೋ ಹಾಗೆ ಕೂತು.

ಅಲ್ಲಿಂದ ಗೋಡೆಯಾಚೆ ವಿಜಯನ ದಿಬ್ಬ ಕಾಣುತ್ತದೆ. ಯಾರೋ ತುಳಸಿಯಂಥ ಒಂದು ಗಿಡ ಹಚ್ಚಿದ್ದಾರೆ. ಕಾಮಕಸ್ತೂರಿ ಇರಬೇಕು. ನೀರು ಹಾಕಿದ ಗುರುತೂ ಇತ್ತು. ರಶ್ಮಿ ಬಂದು ಹೋಗುತ್ತಾಳೆಂದು ನನಗೆ ಹೇಳಿಲ್ಲ.

ಅಂಬಾದಾಸ ಕೇಳಿದ, "ಮಗ ಏನು ಕೆಲಸ ಮಾಡುತ್ತಿದ್ದ ಅಮ್ಮಾ?"

"ಬಾಲಾನಗರದಲ್ಲಿ. ಲೇತ್ ಮಷೀನು."

"ನಿಂತು ಮಾಡುವ ಕೆಲಸ."

"ಹೌದು."

"ದಿನಪೂರ್ತಿ?"

"ಮತ್ತೆ? ಮಷೀನು ಮಂಚದ ಹತ್ತಿರ ಬರುತ್ತದೆಯೇ?" ಎಂದೆ. ಇವನಿಗೆ ಕೈಗಿಂತ ಬಾಯಿ ಮುಂದೆ.

ಮನೆಗೆ ಬಂದಾಗ ರಶ್ಮಿ ಮಲಗಿದ್ದಳು. ಫ್ಯಾನು ಹಾಕಿರಲಿಲ್ಲ. ಹಾಕಿದೆ. ಸೆಕೆಗೆ ಮನೆಯೆಲ್ಲ ವಾಸನೆ ಹಿಡಿಯುತ್ತದೆ.

ಏಪ್ರಿಲ್ ೩, ಗುರುವಾರ

ಇಂದು ಬೆಳಿಗ್ಗೆ ಮೆಟ್ಟಿಲ ಮೇಲೆ ರಶ್ಮಿಯ ಹೆಜ್ಜೆ ಕೇಳಿತು. ಎರಡನೆಯ ಅಂತಸ್ತಿಗೆ ಬಂದು ನಿಂತಿತು. ನಾನು ಬಗ್ಗಿ ನೋಡಲಿಲ್ಲ, ಕೂಗಲಿಲ್ಲ. ಕಾಯ್ದೆ. ಬಹಳ ಹೊತ್ತಾದ ಮೇಲೆ ಹತ್ತಿ ಬಂದಳು. ಮುಖ ಹಿಟ್ಟಿನ ಹಾಗೆ.

"ಡಾಕ್ಟರ್ ಕಡೆ ನಡಿ" ಎಂದೆ.

"ನಿದ್ದಿ ಇಲ್ಲದ್ದಕ್ಕ ಅತ್ತಿ. ನಾಳೆ ಹೋಗೂಣು."

"ಇವತ್ತೇ. ಈಗೇ. ಚಪ್ಪಲಿ ತೆಗೀಬ್ಯಾಡ."

ಆಟೋದಲ್ಲಿ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ತಲೆ ಭಾರ. ಸರಿಸಬಹುದಿತ್ತು, ಆದರೆ ಗುಂಡಿಗಳ ರಸ್ತೆ. ಬಡಿದುಕೊಂಡರೆ ಅದಕ್ಕೊಂದು ಖರ್ಚು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದ. ಮೈಯಲ್ಲಿ ರಕ್ತ ಬಹಳ ಕಡಿಮೆಯಂತೆ. ಹೃದಯವನ್ನೂ ನೋಡು ಎಂದೆ. ಬೇಕಿಲ್ಲಮ್ಮ ಎಂದ. ಬೇಕು, ನೋಡು ಎಂದೆ. ನೋಡಿದ. ಸರಿಯಾಗಿದೆ.

ದಣಿವಿಗೂ ಒಂದು ಹೆಸರಿದೆಯಂತೆ, ಮಾತ್ರೆಯೂ ಇದೆಯಂತೆ.

ಪಾತ್ರೆ ನಾನೇ ತೊಳೆದೆ. ಅವಳು ತೊಳೆದರೆ ಹಿಡಿಕೆಯಲ್ಲಿ ಸೋಪು ಉಳಿಯುತ್ತದೆ.

ಏಪ್ರಿಲ್ ೧೩, ಗರಿಗಳ ಭಾನುವಾರ

ಖರ್ಜೂರದ ಗರಿ ಹಿಡಿದು ಮೆರವಣಿಗೆ. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಶೋಭಾ ಪಕ್ಕಕ್ಕೆ ಬಂದು, "ನಾಳೆಪ್ಪನ ಕಲ್ಲು—" ಎಂದು ಶುರುಮಾಡಿದಳು.

"ಅವನ ಹೆಸರು ವಿಜಯಕುಮಾರ" ಎಂದೆ.

"ಅಯ್ಯ, ನೀವೇ ಇಟ್ಟ ಹೆಸರಲ್ರೀ ಬಾಯಾರ."

ಉಳಿದ ದಾರಿಯುದ್ದಕ್ಕೂ ಅವಳಿಗಿಂತ ಮುಂದೆ ನಡೆದೆ. ಗರಿಯ ತುದಿ ಅಂಗೈಗೆ ಚುಚ್ಚಿತ್ತು. ಮನೆಗೆ ಬಂದ ಮೇಲೆ ನೋಡಿದೆ.

ಅಂಬಾದಾಸನಿಗೆ ಫೋನು ಮಾಡಿದೆ. ಹೆಸರಿನ ತನಕ ಆಗಿದೆಯಂತೆ. ಉಳಿದದ್ದು ಪರ್ಸೋಂ.

ಏಪ್ರಿಲ್ ೧೭, ಗುರುವಾರ

ಸಮಾಧಿಗೆ ಬಳಿಯಲು ಸುಣ್ಣ ತಂದೆ. ಚೀಲ ಅಷ್ಟೇನೂ ಭಾರವಿರಲಿಲ್ಲ. ಎರಡನೆಯ ಅಂತಸ್ತಿಗೆ ಬಂದಾಗ ಎದೆ ಬಡಿದುಕೊಂಡಿತು. ಮೀಟರುಗಳ ಹತ್ತಿರ ಚೀಲ ಇಳಿಸಿ ನಿಂತೆ. ಇಷ್ಟು ವರ್ಷದಲ್ಲಿ ನಾನು ಅಲ್ಲಿ ನಿಂತದ್ದಿಲ್ಲ.

ಮೀಟರುಗಳ ಮೇಲೆ ಧೂಳು. ಯಾರೂ ಒರೆಸುವುದಿಲ್ಲ. ಪಕ್ಕದ ಗೋಡೆಯ ಮೇಲೆ, ನನ್ನ ತಲೆಯ ಮಟ್ಟದಲ್ಲಿ, ಒಂದು ಕಪ್ಪು ಕಲೆ. ಮಷೀನಿನ ಎಣ್ಣೆಯದು. ಒಂದು ದಿನದ್ದಲ್ಲ, ಒಂದರ ಮೇಲೊಂದು ಒತ್ತಿ ಒತ್ತಿ ಕೂತದ್ದು. ಅಂಚಿನಲ್ಲಿ ಬೆರಳುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕೈ ಊರಿ, ಭಾರವೆಲ್ಲ ಅದರ ಮೇಲೆ ಹಾಕಿ ನಿಂತರೆ ಆಗುವಂಥ ಕಲೆ.

ನನ್ನ ಹತ್ತಿರ ಸುಣ್ಣವೂ ಇತ್ತು, ಬ್ರಷ್ಷೂ ಇತ್ತು. ನೀರು ಮನೆಯಿಂದ ತರಬೇಕಿತ್ತು.

ಬಳಿಯಲಿಲ್ಲ. ಮನೆ ಮಾಲೀಕನ ಗೋಡೆ, ಅವನು ಬಳಿಯಲಿ.

ಏಪ್ರಿಲ್ ೧೮, ಶುಭ ಶುಕ್ರವಾರ

ಮೂರು ತಾಸಿನ ಆರಾಧನೆ. ಕೂತು ಬಂದೆ. ಊಟ ಮಾಡಲಿಲ್ಲ.

ಏಪ್ರಿಲ್ ೧೯, ಶನಿವಾರ

ಬೆಳಿಗ್ಗೆ ಅಂಬಾದಾಸ ತಾನಾಗಿ ಫೋನು ಮಾಡಿ ಕಲ್ಲು ನಿಲ್ಲಿಸಿದ್ದೇನೆ ಎಂದ. ರಶ್ಮಿ ಸುಣ್ಣದ ಬಕೆಟ್ಟು ಹಿಡಿದಳು, ನಾನು ಹೂವಿನ ಬುಟ್ಟಿ. ಬಕೆಟ್ಟು ನನಗೆ ಕೊಡು ಎಂದರೆ ಕೊಡಲಿಲ್ಲ. ನಾಲ್ಕೂ ಬದಿಗೆ ಸುಣ್ಣ ಬಳಿದ ಮೇಲೆ ನಾನು ಕನ್ನಡಕ ಹಾಕಿಕೊಂಡು ಕಲ್ಲು ಓದಿದೆ.

ತಲಕಟ್ಟೆಲ್ಲ ಸರಿಯಾಗಿದೆ. ತಾರೀಖು ಸರಿಯಾಗಿದೆ. ಆದರೆ ಹೆಸರು "ವಿ. ವಿಜಯಕುಮಾರ" ಎಂದಿದೆ. ಕೆಳಗೆ "ಶ್ರಮಿಸಿದನು" ಎಂದಿದೆ.

ವಿಶ್ರಮಿಸಿದನು ಅಲ್ಲ. ಶ್ರಮಿಸಿದನು.

ಮೊದಲು ರಶ್ಮಿಯದೇ ಕಿತಾಪತಿ ಎಂದುಕೊಂಡು ಅವಳತ್ತ ತಿರುಗಿದೆ. ಅವಳು ಸುಣ್ಣದ ಬ್ರಷ್ಷು ಹಿಡಿದುಕೊಂಡು ಬಾಯಿ ತೆರೆದು ಕಲ್ಲು ನೋಡುತ್ತಿದ್ದಳು. ಸುಣ್ಣ ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳಿಗೂ ಗೊತ್ತಿರಲಿಲ್ಲ.

ಅಂಬಾದಾಸನನ್ನು ಕರೆಸಿದೆ. ಅವನು ನನ್ನ ಕಾಗದವನ್ನೇ ತಂದು ಮುಖಕ್ಕೆ ಹಿಡಿದ. "ನೀವೇ ನೋಡಿ ಅಮ್ಮಾ. ಇಲ್ಲಿ 'ವಿ' ಬೇರೆ, ಇದು ಬೇರೆ. ನಡುವೆ ಎಷ್ಟು ಜಾಗ. ಮೇಲೆ ಹೆಸರಿಗೆ ಇಂಟಿಪೇರೇ ಇಲ್ಲ. ಅವಸರದಲ್ಲಿ ಅಮ್ಮ ಕೆಳಗಿನ ಸಾಲಿನಲ್ಲಿ ಬರೆದುಬಿಟ್ಟಿದ್ದಾರೆ ಅಂದುಕೊಂಡು ನಾನೇ ಮೇಲೆ ಇಟ್ಟೆ."

ತೆಲುಗಿನವರಲ್ಲಿ ಮನೆತನದ ಹೆಸರಿನ ಒಂದಕ್ಷರ ಮುಂದಿಲ್ಲದೆ ಗಂಡಸಿಗೆ ಹೆಸರೇ ಇಲ್ಲ. ನಮ್ಮಲ್ಲಿ ಆ ಪದ್ಧತಿಯಿಲ್ಲವೆಂದು ಇವನಿಗೆ ಯಾರು ಹೇಳಬೇಕಿತ್ತು?

"ಕೆಳಗಿನ ಮಾತು ಓದಿದಾಗಲಾದರೂ ತಿಳಿಯಲಿಲ್ಲವೇ?"

"ಅದರಲ್ಲಿ ತಿಳಿಯದ್ದೇನಿದೆ? ಶ್ರಮ ಅಂಟೇ ಶ್ರಮೇ ಕದಾ ಅಮ್ಮಾ, ಮಾಕೂ ಮೀಕೂ ಒಕಟೇ ಮಾಟ" ಎಂದ. ಅವರಿಗೂ ನಮಗೂ ಒಂದೇ ಮಾತಂತೆ. "ದಿನಪೂರ್ತಿ ನಿಂತು ಲೇತ್ ನಡೆಸಿದ ಮನುಷ್ಯ. ಸರಿಯಾಗೇ ಬರೆದಿದ್ದೀರಿ ಅನ್ನಿಸಿತು."

ನನ್ನ ಮುಖ ಕಂಡು ಹೆದರಿದನೇನೋ. ಬಗ್ಗಿ ಬೆರಳಿನಿಂದ ಅಳೆದ. ಎಡಕ್ಕೆ ಒಂದಕ್ಷರದಷ್ಟು ಜಾಗ ಇದೆಯಂತೆ. "ಮೇಲಿನ 'ವಿ'ಗೆ ಸಿಮೆಂಟು ತುಂಬಿ ಉಜ್ಜುತ್ತೇನೆ, ಕೆಳಗೆ ಹೊಸದು ಕೆತ್ತುತ್ತೇನೆ. ಪರ್ಸೋಂ ಇಲ್ಲ ಅಮ್ಮಾ, ಈಗಲೇ. ಉಳಿ ಕೈಯಲ್ಲೇ ಇದೆ" ಎಂದು ಮಂಡಿಯೂರಿ ಕೂತೇಬಿಟ್ಟ.

ಉಳಿಯ ತುದಿಯನ್ನು "ಶ್ರ"ದ ಎಡಕ್ಕೆ ಇಟ್ಟ. ಸುತ್ತಿಗೆ ಎತ್ತಿದ.

"ಅಬ್ಬೀ ನಕ್ಕೋ" ಎಂದೆ. ಈಗ ಬೇಡ. "ಸುಣ್ಣ ಹಸಿ ಇದೆ. ನಾಳೆ ನೋಡೋಣ."

ರಶ್ಮಿ ತಿರುಗಿ ನನ್ನ ಮುಖ ನೋಡಿದಳು. ಇದರಲ್ಲಿ ನೋಡುವಂಥದ್ದೇನಿದೆ? ಹಸಿ ಸುಣ್ಣದ ಮೇಲೆ ಕಲ್ಲಿನ ಪುಡಿ ಬಿದ್ದರೆ ಬೆಳಿಗ್ಗೆ ಸಭೆಯ ಎದುರು ಕಪ್ಪಗೆ ಕಾಣುತ್ತದೆ.

ಏಪ್ರಿಲ್ ೨೦, ಈಸ್ಟರ್

ನಸುಕಿನಲ್ಲಿ ಸಭೆಯೆಲ್ಲ ಬಂದಿತ್ತು. ಮೇಣದಬತ್ತಿ ಹಿಡಿದು ನಿಂತರು. ಹಾಡು ಮುಗಿಯುವಾಗ ಬೆಳಕಾಯಿತು. ಆಮೇಲೆ ಜನ ಒಂದೊಂದೇ ಸಮಾಧಿಯ ಹತ್ತಿರ ಹೋದರು, ನನ್ನ ಮಗನ ಹತ್ತಿರವೂ ಬಂದರು.

ಶೋಭಾ ಜೋರಾಗಿ ಓದಿದಳು. "ವಿ. ವಿಜಯಕುಮಾರ. ಶ್ರಮಿಸಿದನು." ಅವಳು ಇನ್ನೇನೋ ಹೇಳುವಳೆಂದು ಕಾದೆ. ಕೈಯಲ್ಲಿದ್ದ ಹೂವು ಇಟ್ಟು, "ಬರ್ತೀನ್ರಿ ಬಾಯಾರ" ಎಂದು ಹೋದಳು.

ಸಭಾಪಾಲಕರು ಬಹಳ ಹೊತ್ತು ನಿಂತರು. "ಒಂದೇ ಮಾತು, ಭಾಳ ಛಲೋ ಆರಿಸೀರಿ. ಯಾರು ಬರದದ್ರಿ?"

"ನಾನೇ" ಎಂದೆ. ಸುಳ್ಳಲ್ಲ. ಅಕ್ಷರಗಳೆಲ್ಲ ನನ್ನವೇ.

ಮನೆಗೆ ಬಂದು ಹಬ್ಬದ ಅಡುಗೆಗೆ ಕೂಡಬೇಕಿತ್ತು. ರಶ್ಮಿ ಚಪ್ಪಲಿ ತೆಗೆಯದೆ ಮಂಚದ ಅಂಚಿಗೆ ಕೂತಳು. ನಾನೂ ಕೂತೆ. ಅಡುಗೆ ತಡವಾಯಿತು. ನಲವತ್ತು ವರ್ಷದಲ್ಲಿ ಮೊದಲ ಸಲ ಈಸ್ಟರಿನ ಊಟ ಮೂರು ಗಂಟೆಗೆ ಆಯಿತು. ಹೀಗೇ ಬಿಟ್ಟರೆ ಈ ಮನೆ ಹಾಳಾಗುತ್ತದೆ.

ಏಪ್ರಿಲ್ ೨೯, ಮಂಗಳವಾರ

ಮೆಣಸಿನಕಾಯಿ ಒಣಹಾಕಿದೆ. ರಶ್ಮಿಗೆ ಹಗಲು ಪಾಳಿ ಕೊಡಿಸಿಕೊಳ್ಳಲು ಹೇಳಿದ್ದೆ. ಇಂದು ಕೇಳಿ ಬಂದಿದ್ದಾಳೆ, ಜೂನಿನಿಂದ ಆಗುತ್ತದಂತೆ.

ಸಂಜೆ ಅಂಬಾದಾಸನ ಫೋನು ಬಂತು. ಅವನಿಗೆ ಕೆಲಸ ಕಡಿಮೆಯಂತೆ. ನಾಳೆ ಬೆಳಿಗ್ಗೆ ಬಂದು ಆ ಒಂದಕ್ಷರ ಸರಿಮಾಡಿ ಬಿಡಲೇ ಅಮ್ಮಾ ಎಂದು ಕೇಳಿದ.

"ನಾಳೆ ಬೇಡ" ಎಂದೆ. "ಪರ್ಸೋಂ ಬಾ."

"ಪಕ್ಕಾ?" ಎಂದ.

"ಪಕ್ಕಾ" ಎಂದೆ.